ಅಂತ್ಯಸಂಸ್ಕಾರದ ಲೆಕ್ಕ ಯಾರ ಹೆಸರಿಗೆ?

ಮನೆಯಲ್ಲಿ ಸಾವು ಸಂಭವಿಸಿದಾಗ ಮೊದಲ ಕೆಲವು ದಿನ ಹಣದ ಮಾತನ್ನು ಯಾರೂ ಎತ್ತುವುದಿಲ್ಲ. ಒಬ್ಬರು ಶವಪೆಟ್ಟಿಗೆಯವರಿಗೆ ಫೋನ್ ಮಾಡುತ್ತಾರೆ. ಇನ್ನೊಬ್ಬರು ಶಾಮಿಯಾನ, ಕುರ್ಚಿ, ಫ್ರೀಜರ್ ಪೆಟ್ಟಿಗೆ ಎಂದು ಓಡಾಡುತ್ತಾರೆ. ಮತ್ತೊಬ್ಬರು ಗುಂಡಿ ತೋಡುವವರಿಗೆ ತಮ್ಮ ಜೇಬಿನಿಂದಲೇ ಕೊಟ್ಟು ಬರುತ್ತಾರೆ. ಆ ಹೊತ್ತಿನಲ್ಲಿ ರಸೀದಿ ಕೇಳುವುದು ಅಪಚಾರವೆಂದು ಎಲ್ಲರೂ ಭಾವಿಸುತ್ತಾರೆ. ಲೆಕ್ಕದ ಚೀಟಿ ಹೊರಬರುವುದು ಏಳನೆಯ ದಿನದ ಬಲಿಪೂಜೆ ಮುಗಿದು, ದೂರದ ನೆಂಟರು ಬಸ್ಸು ಹತ್ತಿದ ಮೇಲೆ.

ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ಯಂತ್ರದ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಐವತ್ತೆರಡರ ಗಂಡ ತೀರಿಕೊಂಡಿದ್ದಾನೆ. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿದು ನಾಲ್ಕು ಕಾಸು ಸಂಪಾದಿಸುತ್ತಾಳೆ. ಇಬ್ಬರು ಮಕ್ಕಳು ಓದುತ್ತಿದ್ದಾರೆ. ಗಂಡನ ಅಣ್ಣ ಮುಂದೆ ನಿಂತು ಎಲ್ಲವನ್ನೂ ನೆರವೇರಿಸಿದ್ದಾನೆ. ತೇಗದ ಪೆಟ್ಟಿಗೆ, ಹೂವಿನ ಅಲಂಕಾರದ ಶವವಾಹನ, ಬ್ಯಾಂಡು, ಬೀದಿಯ ಎರಡು ತುದಿಗೆ ಫ್ಲೆಕ್ಸು, ಪತ್ರಿಕೆಯಲ್ಲಿ ಭಾವಚಿತ್ರದ ಜಾಹೀರಾತು, ಬಂದವರಿಗೆಲ್ಲ ಊಟ. ಒಟ್ಟು 85,000 ರೂಪಾಯಿ. ಎಂಟನೆಯ ದಿನ ಅವನು ಚೀಟಿಯನ್ನು ಮೇಜಿನ ಮೇಲಿಟ್ಟು, "ನೋಡಮ್ಮಾ, ಅವಸರವೇನಿಲ್ಲ. ಬ್ಯಾಂಕಿನ ಹಣ ಕೈಗೆ ಬಂದಾಗ ಕೊಟ್ಟರಾಯಿತು. ನಿನ್ನ ಗಂಡನಿಗೇ ಅಲ್ಲವೇ ಮಾಡಿದ್ದು" ಎನ್ನುತ್ತಾನೆ. ಅವನು ಕೆಟ್ಟವನಲ್ಲ. ತಮ್ಮನ ಮೇಲಿನ ಪ್ರೀತಿಯಿಂದಲೇ ಮಾಡಿದ್ದಾನೆ. ಅವಳೂ ಮರುಮಾತಾಡುವುದಿಲ್ಲ. ಗಂಡನ ಮಣ್ಣಿಗೆ ಲೆಕ್ಕ ನೋಡಿದಳು ಎಂಬ ಮಾತನ್ನು ಯಾವ ವಿಧವೆ ತಾನೇ ಹೊತ್ತುಕೊಳ್ಳಲು ಸಿದ್ಧಳಿರುತ್ತಾಳೆ?

ಇಲ್ಲಿ ಎರಡು ಪ್ರಶ್ನೆಗಳು ಬೆರೆತುಹೋಗಿವೆ. ಕಾನೂನಿನ ಪ್ರಕಾರ ಅವಳು ಈ ಹಣ ಕೊಡಲೇಬೇಕೇ? ಮನಸ್ಸಾಕ್ಷಿಯ ಪ್ರಕಾರ ಕೊಡಲೇಬೇಕೇ? ಒಂದಕ್ಕೆ ಸಿಕ್ಕ ಉತ್ತರವನ್ನು ನಾವು ಸಾಮಾನ್ಯವಾಗಿ ಇನ್ನೊಂದಕ್ಕೂ ಅಂಟಿಸಿಬಿಡುತ್ತೇವೆ. ಅವುಗಳನ್ನು ಬಿಡಿಸಿ ನೋಡುವುದು ಒಳ್ಳೆಯದು.

ಬದುಕುಳಿದ ಸಂಗಾತಿಯೇ ಅಂತ್ಯಸಂಸ್ಕಾರದ ವೆಚ್ಚ ಭರಿಸಬೇಕೆಂಬ ಕಲ್ಪನೆಗೆ ಇಂಗ್ಲೆಂಡಿನ ನ್ಯಾಯಾಲಯಗಳಲ್ಲಿ ಹಳೆಯ ಚರಿತ್ರೆಯಿದೆ. 1788ರಲ್ಲಿ ಜೆಂಕಿನ್ಸ್ ಮತ್ತು ಟಕರ್ ಎಂಬುವರ ನಡುವಿನ ಮೊಕದ್ದಮೆಯೊಂದು ತೀರ್ಮಾನವಾಯಿತು. ಗಂಡ ಹೆಂಡತಿಯನ್ನು ತೊರೆದು ಜಮೈಕಾ ದ್ವೀಪಕ್ಕೆ ಹೋಗಿದ್ದ. ಅವನಿಲ್ಲದಾಗ ಆಕೆ ತೀರಿಕೊಂಡಳು. ಆಕೆಯ ತಂದೆ ಮಗಳನ್ನು ಹೂಳಿಸಿ, ಅದರ ವೆಚ್ಚವನ್ನು ಅಳಿಯನಿಂದ ಕೇಳಿದ. ಗಂಡನ ಸ್ಥಾನಮಾನಕ್ಕೆ ತಕ್ಕಂತೆ ಹೆಂಡತಿಯನ್ನು ಮಣ್ಣುಮಾಡುವುದು ಗಂಡನದೇ ಕರ್ತವ್ಯ, ಅವನು ದೂರವಿದ್ದಾಗ ಇನ್ನೊಬ್ಬರು ಆ ಕರ್ತವ್ಯವನ್ನು ನೆರವೇರಿಸಿದರೆ ಹಣ ಹಿಂದಿರುಗಿಸಬೇಕು ಎಂದು ನ್ಯಾಯಾಲಯ ಹೇಳಿತು. ಕೇಳುವುದಕ್ಕೆ ಇದು ವಿವಾಹದ ಪಾವಿತ್ರ್ಯದ ಮಾತಿನಂತೆ ತೋರುತ್ತದೆ. ಆದರೆ ಆ ಕಾಲದಲ್ಲಿ ಮದುವೆಯಾದೊಡನೆ ಹೆಂಡತಿಯ ಹಣ, ಒಡವೆ, ಸಂಪಾದನೆ ಗಂಡನ ಕೈಸೇರುತ್ತಿತ್ತು ಎಂಬುದನ್ನು ಮರೆಯಬಾರದು. ಎಲ್ಲವನ್ನೂ ತೆಗೆದುಕೊಂಡವನು ಕೊನೆಯ ವೆಚ್ಚವನ್ನಾದರೂ ಭರಿಸಲಿ ಎಂಬ ವ್ಯಾವಹಾರಿಕ ನ್ಯಾಯ ಅದರ ಹಿಂದಿತ್ತು. ಮುಂದೆ ವಿವಾಹಿತ ಸ್ತ್ರೀಗೂ ಸ್ವಂತ ಆಸ್ತಿಯ ಹಕ್ಕು ದೊರೆತ ಮೇಲೆ ಅಲ್ಲಿಯೂ ಆ ನಿಯಮ ಸಡಿಲವಾಯಿತು.

ಇದಕ್ಕಿಂತ ಕುತೂಹಲಕರವಾದುದು 1844ರ ಚಾಪಲ್ ಮತ್ತು ಕೂಪರ್ ಮೊಕದ್ದಮೆ. ಇಲ್ಲಿ ಸತ್ತವನು ಗಂಡ. ಅವನು ಆಸ್ತಿಯೇನನ್ನೂ ಬಿಟ್ಟುಹೋಗಿರಲಿಲ್ಲ. ವಿಧವೆ ಕಾನೂನಿನ ದೃಷ್ಟಿಯಲ್ಲಿ ಇನ್ನೂ ಅಪ್ರಾಪ್ತ ವಯಸ್ಕಳು. ಅಂತ್ಯಸಂಸ್ಕಾರ ನಡೆಸುವವನೊಡನೆ ಅವಳು ಒಪ್ಪಂದ ಮಾಡಿಕೊಂಡಿದ್ದಳು. ಅಪ್ರಾಪ್ತಳ ಒಪ್ಪಂದ ಬಂಧಕವಲ್ಲ ಎಂಬುದು ಅವಳ ವಾದ. ಅಪ್ರಾಪ್ತರು ತಮ್ಮ ಜೀವನಕ್ಕೆ ಅಗತ್ಯವಾದುದಕ್ಕೆ ಮಾತ್ರ ಬದ್ಧರು. ಹಾಗಾದರೆ ಗಂಡನ ಮಣ್ಣು ಹೆಂಡತಿಯ ಜೀವನಕ್ಕೆ ಅಗತ್ಯವೇ? ಹೌದು ಎಂದರು ನ್ಯಾಯಾಧೀಶರು. ಗಂಡಹೆಂಡಿರು ಒಂದೇ ವ್ಯಕ್ತಿ. ಗಂಡನನ್ನು ಗೌರವದಿಂದ ಹೂಳುವುದು ಅವಳ ಸ್ವಂತ ಹಿತವೇ. ಆದ್ದರಿಂದ ಅವಳು ಹಣ ಕೊಡಬೇಕು.

ಈ ತೀರ್ಪನ್ನು ಸ್ವಲ್ಪ ನಿಂತು ನೋಡೋಣ. ಸತ್ತವನಿಗೆ ನಾವು ಏನನ್ನಾದರೂ ಬಾಕಿ ಇದ್ದೇವೆಯೇ ಎಂಬುದು ತತ್ತ್ವಜ್ಞಾನಿಗಳನ್ನು ಕಾಡಿದ ಪ್ರಶ್ನೆ. ಬಾಕಿ ಎಂದರೆ ಪಡೆಯುವವನೊಬ್ಬ ಇರಬೇಕು. ಸತ್ತವನು ಪೆಟ್ಟಿಗೆಯ ಮರವನ್ನು ಮುಟ್ಟಿ ನೋಡುವುದಿಲ್ಲ, ಬ್ಯಾಂಡಿನ ಸದ್ದನ್ನು ಕೇಳುವುದಿಲ್ಲ. ಮರಣದೊಂದಿಗೆ ವಿವಾಹದ ಬಂಧ ಬಿಚ್ಚುತ್ತದೆಂದು ಸಂತ ಪೌಲರೇ ರೋಮನರಿಗೆ ಬರೆದ ಪತ್ರದಲ್ಲಿ ತಿಳಿಸುತ್ತಾರೆ. ಹಾಗಿದ್ದರೆ ಸಮಾಧಿಯ ಕೆಲಸ ಬಂಧ ಬಿಚ್ಚಿದ ಮೇಲೆ ನಡೆಯುವ ಕೆಲಸ. ಇಂಗ್ಲೆಂಡಿನ ನ್ಯಾಯಾಧೀಶರು ಈ ತೊಡಕನ್ನು ದಾಟಿದ್ದು ಸತ್ತವನನ್ನು ಬಿಟ್ಟು, ಬದುಕಿರುವವಳ ಹಿತದ ಕಡೆಗೆ ತಿರುಗಿಕೊಂಡು. ಅವಳಿಗೆ ಇದು ಬೇಕು, ಆದ್ದರಿಂದ ಅವಳು ತೆರಬೇಕು. ಈ ತರ್ಕದಲ್ಲಿ ಅರ್ಧ ಸತ್ಯವಿದೆ. ಪ್ರೀತಿಸಿದವರನ್ನು ಗೌರವದಿಂದ ಮಣ್ಣಿಗೆ ಒಪ್ಪಿಸಿದ ನೆಮ್ಮದಿ ನಿಜವಾದುದೇ. ಆದರೆ ಇನ್ನರ್ಧದಲ್ಲಿ ಅಪಾಯವಿದೆ. ಅವಳಿಗೆ ಏನು ಬೇಕೆಂಬುದನ್ನು ಅವಳನ್ನು ಕೇಳದೆಯೇ ಇತರರು ನಿರ್ಧರಿಸಿ, ಚೀಟಿಯನ್ನು ಮಾತ್ರ ಅವಳ ಕೈಗಿಡಬಹುದು. ನಮ್ಮ ಮನೆಗಳಲ್ಲಿ ನಡೆಯುವುದು ಹೆಚ್ಚಾಗಿ ಇದೇ.

ಇನ್ನು ನಮ್ಮ ದೇಶದ ಕಾನೂನಿಗೆ ಬರೋಣ. ಭಾರತದ ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಅದರ 20ನೆಯ ಕಲಮು ಬಹಳ ಮಂದಿಗೆ ತಿಳಿದಿಲ್ಲ. ಮದುವೆಯಾದ ಮಾತ್ರಕ್ಕೆ ಗಂಡನಿಗೆ ಹೆಂಡತಿಯ ಆಸ್ತಿಯಲ್ಲಾಗಲಿ ಹೆಂಡತಿಗೆ ಗಂಡನ ಆಸ್ತಿಯಲ್ಲಾಗಲಿ ಯಾವ ಹಕ್ಕೂ ಹುಟ್ಟುವುದಿಲ್ಲ ಎನ್ನುತ್ತದೆ ಆ ಕಲಮು. 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆಯ ಪ್ರಕಾರ ಹೆಂಡತಿಯ ದುಡಿಮೆಯ ಹಣ ಅವಳದೇ. ಅಂದರೆ ಇಂಗ್ಲೆಂಡಿನ ಹಳೆಯ ನಿಯಮ ಯಾವ ನೆಲದ ಮೇಲೆ ನಿಂತಿತ್ತೋ ಆ ನೆಲವೇ ಇಲ್ಲಿಲ್ಲ. ಹೀಗಾಗಿ ಬದುಕುಳಿದ ಗಂಡ ಅಥವಾ ಹೆಂಡತಿ ತನ್ನ ಸ್ವಂತ ಹಣದಿಂದ ಅಂತ್ಯಸಂಸ್ಕಾರದ ವೆಚ್ಚ ಕೊಡಲೇಬೇಕೆಂದು ಈ ಉತ್ತರಾಧಿಕಾರ ಕಾಯ್ದೆ ಎಲ್ಲಿಯೂ ಹೇಳುವುದಿಲ್ಲ. ಅದು ಆ ಹೊರೆಯನ್ನು ಹೊರಿಸುವುದು ಸತ್ತವರು ಬಿಟ್ಟುಹೋದ ಆಸ್ತಿಯ ಮೇಲೆ.

ಕಲಮು 316ರಂತೆ, ಸಾಕಷ್ಟು ಆಸ್ತಿಯಿದ್ದರೆ, ಮೃತರ ಸ್ಥಿತಿಗತಿಗೆ ತಕ್ಕಂತೆ ಅಗತ್ಯವಾದ ಅಂತ್ಯಕ್ರಿಯೆಗೆ ಹಣ ಒದಗಿಸುವುದು ಉಯಿಲಿನ ನಿರ್ವಾಹಕನ ಕರ್ತವ್ಯ. ಕಲಮು 320ರಂತೆ, ಮೃತರ ಅಂತಸ್ತಿಗೆ ಒಪ್ಪುವ ಸಮಂಜಸ ಪ್ರಮಾಣದ ಅಂತ್ಯಸಂಸ್ಕಾರದ ವೆಚ್ಚ ಮತ್ತು ಮರಣಶಯ್ಯೆಯ ವೆಚ್ಚ ಎಲ್ಲ ಸಾಲಗಳಿಗಿಂತ ಮೊದಲು ಸಲ್ಲಬೇಕು. ವೈದ್ಯರ ಶುಲ್ಕ, ಸಾವಿಗೆ ಹಿಂದಿನ ಒಂದು ತಿಂಗಳ ಊಟ ವಸತಿಯ ಖರ್ಚು ಕೂಡ ಮರಣಶಯ್ಯೆಯ ವೆಚ್ಚದಲ್ಲಿ ಸೇರುತ್ತವೆ. ಅನಂತರ ಆಸ್ತಿಯ ಆಡಳಿತಕ್ಕಾಗಿ ನ್ಯಾಯಾಲಯದಲ್ಲಿ ಆಗುವ ಖರ್ಚು. ಅದಾದ ಮೇಲೆ, ಸಾವಿಗೆ ಹಿಂದಿನ ಮೂರು ತಿಂಗಳಲ್ಲಿ ಮೃತರಿಗಾಗಿ ದುಡಿದ ಕೂಲಿಯವನ, ಕುಶಲಕರ್ಮಿಯ, ಮನೆಗೆಲಸದವರ ಸಂಬಳ. ಉಳಿದ ಸಾಲಗಾರರ ಸರದಿ ಬರುವುದು ಇವರೆಲ್ಲರ ನಂತರ. ವಾರಸುದಾರರು ಕಟ್ಟಕಡೆಗೆ. ಬ್ಯಾಂಕಿನ ಸಾಲಕ್ಕಿಂತ ಮುಂಚೆ ಗುಂಡಿ ತೋಡಿದವನ ಕೂಲಿ, ಮನೆಗೆಲಸದವಳ ಮೂರು ತಿಂಗಳ ಸಂಬಳ ಎಂದು ಬರೆದಿಟ್ಟವರ ಬಗ್ಗೆ ನನಗೆ ಗೌರವವಿದೆ. ಕೂಲಿಯಾಳಿನ ಕೂಲಿಯನ್ನು ತಡೆಹಿಡಿಯಬಾರದೆಂದು ಲೇವಿಯರ ಕಾಂಡದಿಂದ ಯಕೋಬರ ಪತ್ರದವರೆಗೂ ಪವಿತ್ರ ಗ್ರಂಥ ಎಚ್ಚರಿಸುವುದು ಇದನ್ನೇ ಅಲ್ಲವೇ?

ಈಗ ನಮ್ಮ ಊಹೆಯ ಕುಟುಂಬದ ಲೆಕ್ಕ ಹಾಕಿ ನೋಡಿ. ಗಂಡ ಉಯಿಲು ಬರೆದಿಲ್ಲ. ಬ್ಯಾಂಕಿನಲ್ಲಿ 1,50,000 ರೂಪಾಯಿ ಇದೆ. ಸಹಕಾರ ಸಂಘಕ್ಕೆ 60,000 ಸಾಲವಿದೆ. ಇಂತಹ ಮನೆಗೆ ಸಮಂಜಸವಾದ ಸಮಾಧಿ ವೆಚ್ಚ 30,000 ಎಂದಿಟ್ಟುಕೊಳ್ಳಿ. ಅದನ್ನು ಕಳೆದು, ಸಾಲವನ್ನೂ ತೀರಿಸಿದರೆ ಉಳಿಯುವುದು 60,000. ಉಯಿಲಿಲ್ಲದೆ ತೀರಿಹೋದ ಕ್ರೈಸ್ತನ ಆಸ್ತಿಯಲ್ಲಿ ಮೂರನೆಯ ಒಂದು ಪಾಲು ವಿಧವೆಗೆ, ಮೂರನೆಯ ಎರಡು ಪಾಲು ಮಕ್ಕಳಿಗೆ. ಅಂದರೆ ತಾಯಿಗೆ 20,000, ಮಕ್ಕಳಿಗೆ ತಲಾ 20,000. ಅದೇ 85,000ದ ಚೀಟಿಯನ್ನು ಪೂರ್ತಿ ಒಪ್ಪಿಕೊಂಡರೆ? ಸಾಲ ತೀರಿಸಿದ ಮೇಲೆ ಉಳಿಯುವುದು 5,000. ಮೂವರಿಗೆ ಹಂಚಿದರೆ ತಲಾ 1,700 ರೂಪಾಯಿ ಕೂಡ ಬರುವುದಿಲ್ಲ. ಬೀದಿಯ ತುದಿಯ ಫ್ಲೆಕ್ಸಿನಲ್ಲಿ ನಗುತ್ತಿರುವ ತಂದೆಯ ಚಿತ್ರಕ್ಕೆ ಹಣ ತೆತ್ತವರು ನಿಜವಾಗಿ ಆ ಇಬ್ಬರು ಮಕ್ಕಳು. ಅವರ ಶಾಲೆಯ ಶುಲ್ಕ ಅದರಲ್ಲಿ ಹೋಯಿತು.

"ಸಮಂಜಸ" ಎಂಬ ಒಂದು ಮಾತು ಇಲ್ಲಿ ಎಷ್ಟು ಭಾರ ಹೊರುತ್ತದೆಂಬುದನ್ನು ಗಮನಿಸಿ. ಅಣ್ಣ ತನ್ನ ಇಚ್ಛೆಯಿಂದ ಹೆಚ್ಚಿಗೆ ಮಾಡಿದ್ದು ಅವನ ಪ್ರೀತಿಯ ಕಾಣಿಕೆ. ಅಗತ್ಯವಾದುದಕ್ಕೆ ಅವನು ಖರ್ಚು ಮಾಡಿದ್ದನ್ನು ತಮ್ಮನ ಆಸ್ತಿಯಿಂದ ಪಡೆಯುವುದು ನ್ಯಾಯ. ಆದರೆ ಅತ್ತಿಗೆ ನಾದಿನಿಯರೆದುರು, ಊರಿನವರೆದುರು ಮನೆತನದ ಹೆಸರು ಕಾಯಲೆಂದು ಮಾಡಿದ್ದನ್ನು ವಿಧವೆಯ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಪೆಟ್ಟಿಗೆಯವನಾಗಲಿ ಶಾಮಿಯಾನದವನಾಗಲಿ ಹಣ ಕೇಳಬೇಕಾದದ್ದು ತನಗೆ ಆರ್ಡರ್ ಕೊಟ್ಟವರನ್ನು. ಹಾಗೆಯೇ, ಮೃತನ ಆಸ್ತಿ ಸಾಲಕ್ಕೆ ಸಾಲದಿದ್ದರೆ ಉಳಿದ ಸಾಲವನ್ನು ವಿಧವೆ ತನ್ನ ಹೊಲಿಗೆ ಯಂತ್ರ ಮಾರಿ ತೀರಿಸಬೇಕಾಗಿಲ್ಲ. ಸಾಲಪತ್ರಕ್ಕೆ ಅವಳೂ ಜಾಮೀನು ಸಹಿ ಹಾಕಿದ್ದರೆ ಮಾತ್ರ ಆ ಸಹಿಗೆ ಅವಳು ಬದ್ಧಳು. ಗಂಡ ತನ್ನ ಜೀವವಿಮೆಯನ್ನು 1874ರ ಕಾಯ್ದೆಯ 6ನೆಯ ಕಲಮಿನಡಿ ಹೆಂಡತಿ ಮಕ್ಕಳ ಹೆಸರಿಗೆ ಮಾಡಿಸಿದ್ದರೆ ಆ ಹಣ ಅವನ ಆಸ್ತಿಯಲ್ಲಿ ಸೇರುವುದೇ ಇಲ್ಲ, ಸಾಲಗಾರರ ಕೈಗೆ ಸಿಗುವುದೂ ಇಲ್ಲ. ಪಾಲಿಸಿ ಮಾಡಿಸುವಾಗಲೇ ಕೇಳಿ ಬರೆಸಿಕೊಳ್ಳಬೇಕಾದ ಸಂಗತಿಯಿದು. ಏಜೆಂಟರು ತಾವಾಗಿ ಹೇಳುವುದು ಅಪರೂಪ.

ಇನ್ನೊಂದು ಭಯವೂ ಕೆಲವರಲ್ಲಿದೆ. ಉಯಿಲು, ವಾರಸು ಪತ್ರ ಎಂಬುದೇನೂ ಆಗುವ ಮೊದಲೇ ಗಂಡನ ಕಪಾಟಿನಲ್ಲಿದ್ದ ಹಣವನ್ನು ಸಮಾಧಿಗೆ ಬಳಸಿದರೆ ತಪ್ಪಾದೀತೇ? ಆಗದು. ಮೃತರ ಆಸ್ತಿಗೆ ಅಧಿಕಾರವಿಲ್ಲದೆ ಕೈಹಾಕುವವರನ್ನು ಕಾಯ್ದೆ ಹೊಣೆಗಾರರನ್ನಾಗಿ ಮಾಡುತ್ತದೆ, ನಿಜ. ಆದರೆ ಆಸ್ತಿಯನ್ನು ಕಾಪಾಡಲು, ಅಂತ್ಯಸಂಸ್ಕಾರ ನಡೆಸಲು, ಮನೆಯವರ ತಕ್ಷಣದ ಅಗತ್ಯಗಳನ್ನು ಪೂರೈಸಲು ಮುಟ್ಟಿದರೆ ಅದು ತಪ್ಪಲ್ಲವೆಂದು 303ನೆಯ ಕಲಮೇ ಹೇಳಿದೆ.

ಆಸ್ಪತ್ರೆಯ ಬಾಗಿಲಲ್ಲಿ ನಡೆಯುವ ಸಂಕಟವನ್ನೂ ಇಲ್ಲಿ ಹೇಳದಿರಲಾಗದು. ಬಿಲ್ ಕಟ್ಟುವವರೆಗೆ ಶವ ಕೊಡುವುದಿಲ್ಲ ಎಂಬ ಮಾತು ಕೇಳಿದಾಕ್ಷಣ ಹೆಂಡತಿ ಕೊರಳಿನ ಸರ ಬಿಚ್ಚುತ್ತಾಳೆ, ಗಂಡ ಬಡ್ಡಿಯವನ ಮನೆಗೆ ಓಡುತ್ತಾನೆ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಂತೆ, ಬಾಕಿಗಾಗಿ ಶವವನ್ನು ತಡೆಹಿಡಿಯುವಂತಿಲ್ಲ. ಬಾಕಿಯನ್ನು ಆಮೇಲೆ ಕೇಳಬೇಕು. 2018ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲೂ ಶವವನ್ನು ಪಡೆಯುವ ಹಕ್ಕು ಸೇರಿದೆ. ಆಸ್ಪತ್ರೆಯವರ ದುಡಿಮೆಗೆ ಬೆಲೆಯಿಲ್ಲವೆಂದು ಇದರ ಅರ್ಥವಲ್ಲ. ಅವರ ಬಾಕಿಯೂ 320ನೆಯ ಕಲಮಿನಲ್ಲಿ ಅಂತ್ಯಸಂಸ್ಕಾರದ ಜೊತೆಯಲ್ಲೇ ಮೊದಲ ಸಾಲಿನಲ್ಲಿ ನಿಂತಿದೆ. ಆದರೆ ಮನುಷ್ಯನ ದೇಹ ಅಡವಿಡುವ ವಸ್ತುವಲ್ಲ.

ಪವಿತ್ರ ಗ್ರಂಥದಲ್ಲಿ ಸಂಗಾತಿಯ ಅಂತ್ಯಸಂಸ್ಕಾರಕ್ಕೆ ಹಣ ಕೊಟ್ಟವರ ವೃತ್ತಾಂತ ಒಂದಿದೆ. ಆದಿಕಾಂಡದ 23ನೆಯ ಅಧ್ಯಾಯವನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದಿ. ಸಾರಾಳು ಹೆಬ್ರೋನಿನಲ್ಲಿ ತೀರಿಕೊಳ್ಳುತ್ತಾಳೆ. ಅಬ್ರಹಾಮ ಮೊದಲು ಅಳುತ್ತಾನೆ, ಅನಂತರ ಎದ್ದು ವ್ಯವಹಾರಕ್ಕೆ ಹೋಗುತ್ತಾನೆ. ಹಿತ್ತಿಯರು ತಮ್ಮ ಸಮಾಧಿಗಳಲ್ಲಿ ಬೇಕಾದದ್ದನ್ನು ಬಳಸಿಕೋ ಎನ್ನುತ್ತಾರೆ. ಎಫ್ರೋನನು ಹೊಲವನ್ನೂ ಗವಿಯನ್ನೂ ಉಚಿತವಾಗಿ ಕೊಡುವುದಾಗಿ ಹೇಳುತ್ತಾನೆ. ಅಬ್ರಹಾಮ ಒಪ್ಪುವುದಿಲ್ಲ. ಪೂರ್ಣ ಬೆಲೆಯಾದ 400 ಶೆಕೆಲ್ ಬೆಳ್ಳಿಯನ್ನು ಊರ ಬಾಗಿಲಲ್ಲಿ ಸಾಕ್ಷಿಗಳೆದುರು ತೂಗಿ ಕೊಡುತ್ತಾನೆ. ಎಫ್ರೋನನ ಉದಾರ ಮಾತು ಚೌಕಾಸಿಯ ಮುನ್ನುಡಿಯಾಗಿತ್ತು, ಬೆಲೆ ದುಬಾರಿಯಾಗಿತ್ತು ಎಂದು ಹಲವು ವ್ಯಾಖ್ಯಾನಕಾರರು ಹೇಳುತ್ತಾರೆ, ಇರಬಹುದು. ಆದರೆ ಆ ವೃದ್ಧ ಏಕೆ ಹಾಗೆ ಹಟ ಹಿಡಿದ? ಯಾವ ಕಾನೂನೂ ಅವನನ್ನು ಬಂಧಿಸಿರಲಿಲ್ಲ. ಹೆಂಡತಿಯ ಸಮಾಧಿ ಯಾರ ಹಂಗಿನಲ್ಲೂ ಇರಬಾರದು ಎಂಬುದು ಅವನ ಮನಸ್ಸು. ವಾಗ್ದಾನದ ನಾಡಿನಲ್ಲಿ ಅವನು ಕೊಂಡ ಭೂಮಿ ಅದೊಂದೇ.

ಅಬ್ರಹಾಮನ ಬಳಿ ಬೆಳ್ಳಿ ಇತ್ತು, ಕೊಟ್ಟ. ಇಲ್ಲದವರ ಗತಿಯೇನು? ಪ್ರಭು ಯೇಸುವಿನ ದೇಹವನ್ನು ಶಿಲುಬೆಯಿಂದಿಳಿಸಿದಾಗ ಮಾತೆ ಮರಿಯಳು ಸಮಾಧಿಯ ವೆಚ್ಚ ಕೊಟ್ಟಳೆಂದು ಯಾವ ಶುಭಸಂದೇಶವೂ ಹೇಳುವುದಿಲ್ಲ. ನಾರುಬಟ್ಟೆ ಅರಿಮತ್ತಾಯದ ಜೋಸೆಫನದು, ಬಂಡೆಯಲ್ಲಿ ಕೊರೆದ ಸಮಾಧಿಯೂ ಅವನದೇ. ಸುಮಾರು ನೂರು ಸೇರು ಸುಗಂಧದ್ರವ್ಯ ತಂದವನು ನಿಕೊದೇಮ. ವಿಧವೆಯೂ ಮಗನನ್ನು ಕಳೆದುಕೊಂಡವಳೂ ಆದ ತಾಯಿಯ ಬಳಿಗೆ ಅವರು ಚೀಟಿ ಹಿಡಿದು ಬಂದಿರಲಾರರು ಎಂದು ನಂಬಬಹುದು. ಸತ್ತವರನ್ನು ಹೂಳುವುದು ದಯಾಕಾರ್ಯಗಳಲ್ಲಿ ಒಂದೆಂದು ಧರ್ಮಸಭೆ ಎಣಿಸಿರುವುದು ತೋಬಿತನ ಕಾಲದಿಂದ ಬಂದ ಇದೇ ಪರಂಪರೆಯಿಂದ. ದಯಾಕಾರ್ಯ ಮತ್ತು ಸಾಲ ಒಂದೇ ಅಲ್ಲ. ಕೊಡುವಾಗ ದಯೆಯೆಂದು ಕೊಟ್ಟು, ಎಂಟನೆಯ ದಿನ ಸಾಲವೆಂದು ಕೇಳುವಂತಿಲ್ಲ. ಸಾಲವೆಂದೇ ಕೊಡುವುದಾದರೆ ಮೊದಲೇ ಹೇಳಬೇಕು. ವಿಧವೆಗೆ ತನ್ನ ಶಕ್ತಿಗೆ ತಕ್ಕ ಪೆಟ್ಟಿಗೆಯನ್ನು ಆರಿಸಿಕೊಳ್ಳುವ ಅವಕಾಶ ಆಗ ಇರುತ್ತದೆ.

ಆಡಂಬರ ಬೇಡವೆನ್ನುವವರನ್ನು ನಾವು ಕೆಲವೊಮ್ಮೆ ಕಲ್ಲೆದೆಯವರೆಂದು ತಿಳಿಯುತ್ತೇವೆ. ಸಂತ ಆಗಸ್ಟೀನರು ಕಲ್ಲೆದೆಯವರಾಗಿರಲಿಲ್ಲ. ಅವರ ತಾಯಿ ಸಂತ ಮೋನಿಕಾ ವಿಧವೆ. ಗಂಡ ಪತ್ರೀಸಿಯಸನ ಪಕ್ಕದಲ್ಲೇ ಮಲಗಬೇಕೆಂದು ಸ್ವಂತ ಊರಿನಲ್ಲಿ ಬಹುಕಾಲದಿಂದ ಸಮಾಧಿಯ ಜಾಗ ಸಿದ್ಧಪಡಿಸಿಕೊಂಡಿದ್ದವಳು. 387ರಲ್ಲಿ ರೋಮಿನ ಬಳಿಯ ಓಸ್ತಿಯಾ ಬಂದರಿನಲ್ಲಿ ಕಾಯಿಲೆ ಬಿದ್ದಾಗ ಆ ಆಸೆಯನ್ನು ತಾನಾಗಿ ಬಿಟ್ಟುಕೊಟ್ಟಳು. ದೇಹವನ್ನು ಎಲ್ಲಿ ಬೇಕಾದರೂ ಹೂಳಿರಿ, ಬಲಿಪೀಠದ ಬಳಿ ನನ್ನನ್ನು ನೆನೆಯಿರಿ ಎಂಬುದಷ್ಟೇ ಅವಳ ಕೋರಿಕೆ. ಎಷ್ಟೋ ವರ್ಷಗಳ ಮೇಲೆ, ಸುಮಾರು 421ರಲ್ಲಿ, ನೋಲಾದ ಧರ್ಮಾಧ್ಯಕ್ಷ ಪೌಲಿನುಸರ ಪ್ರಶ್ನೆಗೆ ಉತ್ತರವಾಗಿ ಮೃತರ ಬಗೆಗಿನ ಕಾಳಜಿಯನ್ನು ಕುರಿತು ಆಗಸ್ಟೀನರು ಒಂದು ಪುಸ್ತಿಕೆ ಬರೆದರು. ಸಮಾಧಿಯ ವೈಭವ ಬದುಕಿರುವವರ ಸಮಾಧಾನಕ್ಕೆ, ಸತ್ತವರಿಗೆ ಅದರಿಂದ ನೆರವಿಲ್ಲ ಎಂಬುದು ಅವರ ನಿಲುವು. ಹಾಗೆಂದು ದೇಹವನ್ನು ತಾತ್ಸಾರ ಮಾಡಬಾರದೆಂದೂ ಅವರು ಹೇಳುತ್ತಾರೆ. ತಂದೆಯ ಉಂಗುರ, ಬಟ್ಟೆ ಮಕ್ಕಳಿಗೆ ಪ್ರಿಯವಾಗುವುದಾದರೆ ತಂದೆಯ ದೇಹ ಇನ್ನೆಷ್ಟು ಪ್ರಿಯವಾಗಬೇಕು! ಈ ಎರಡು ಮಾತುಗಳ ನಡುವೆ ಎಲ್ಲೋ ನಮ್ಮ ಕಾಯ್ದೆಯ "ಸಮಂಜಸ" ಎಂಬ ಪದವೂ ನಿಂತಿದೆ ಎಂದು ನನಗನಿಸುತ್ತದೆ. ಬಿಳಿ ಬಟ್ಟೆ, ಗಟ್ಟಿಯಾದ ಸಾದಾ ಪೆಟ್ಟಿಗೆ, ಬಲಿಪೂಜೆ, ಆಶೀರ್ವದಿಸಿದ ಗುಂಡಿ, ಒಂದು ಶಿಲುಬೆ, ಕೆಲಸ ಮಾಡಿದವರಿಗೆ ತಕ್ಕ ಕೂಲಿ. ಇಷ್ಟಕ್ಕೆ ಕೊರತೆಯಾದರೆ ಅದು ಸತ್ತವರಿಗೆ ಮಾಡಿದ ಅಗೌರವ. ಇದರಾಚೆಗಿನದು ಪ್ರೀತಿಯಿಂದ ಮಾಡಿದರೆ ಪ್ರೀತಿ, ಹೆಸರಿಗಾಗಿ ಮಾಡಿದರೆ ಹೆಸರು. ಎರಡರಲ್ಲಿ ಯಾವುದಾದರೂ, ಮಾಡಿದವರೇ ಅದರ ವೆಚ್ಚ ಹೊರಲಿ.

ಧರ್ಮಕೇಂದ್ರಗಳಿಗೂ ಇಲ್ಲಿ ಪಾಲಿದೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1181ನೆಯ ನಿಯಮದಂತೆ, ಅಂತ್ಯಸಂಸ್ಕಾರದ ಕಾಣಿಕೆಗಳ ವಿಷಯದಲ್ಲಿ ಮುಖ ನೋಡಿ ಮಣೆ ಹಾಕಬಾರದು, ಬಡವರಿಗೆ ತಕ್ಕ ಅಂತ್ಯಸಂಸ್ಕಾರ ತಪ್ಪಬಾರದು. ಅನೇಕ ಧರ್ಮಕೇಂದ್ರಗಳಲ್ಲಿ ಮರಣ ನಿಧಿಯಿದೆ. ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರು ಸದ್ದಿಲ್ಲದೆ ಪೆಟ್ಟಿಗೆ ಒದಗಿಸುವುದೂ ಉಂಟು. ಆದರೆ ಕೇಳಿಕೊಂಡು ಬಂದವರಿಗೆ ಮಾತ್ರ ಕೊಡುವ ನಿಧಿ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ. ಗಂಡ ತೀರಿಕೊಂಡ ಮೂರನೆಯ ಗಂಟೆಯಲ್ಲಿ ಯಾವ ಹೆಂಗಸು ಕಚೇರಿಗೆ ಬಂದು ಅರ್ಜಿ ಬರೆಯುತ್ತಾಳೆ? ಆ ಮನೆಗೆ ಹಿರಿಯರೊಬ್ಬರು ಹೋಗಿ, ಮುಂದೆ ನಿಂತು ಓಡಾಡುತ್ತಿರುವವರನ್ನು ಪಕ್ಕಕ್ಕೆ ಕರೆದು, "ಇದೆಲ್ಲಾ ಯಾರ ಲೆಕ್ಕದಲ್ಲಿ?" ಎಂದು ಮೆಲ್ಲಗೆ ಕೇಳಿದರೆ ಎಂಟನೆಯ ದಿನದ ಎಷ್ಟೋ ಕಣ್ಣೀರು ಉಳಿಯುತ್ತದೆ. ಕಾರ್ಮಿಕರಾಗಿದ್ದವರಿಗೆ ಇ.ಎಸ್.ಐ. ಯೋಜನೆಯಡಿ ಅಂತ್ಯಸಂಸ್ಕಾರದ ವೆಚ್ಚ ದೊರೆಯುತ್ತದೆ. ಕುಟುಂಬದ ಹಿರಿಯ ಸದಸ್ಯರಿಗೆ, ಅವರಿಲ್ಲದಿದ್ದರೆ ನಿಜವಾಗಿ ಖರ್ಚು ಮಾಡಿದವರಿಗೆ ಅದು ಸಲ್ಲುತ್ತದೆ. ನೋಂದಾಯಿತ ಕಟ್ಟಡ ಕಾರ್ಮಿಕರಿಗೆ ಕಲ್ಯಾಣ ಮಂಡಳಿಯ ನೆರವಿದೆ. ಇವಕ್ಕೆಲ್ಲ ಕಾಗದಪತ್ರ ಬೇಕು, ಗಡುವು ಇದೆ. ಯುವಕರ ಸಂಘದವರು ಹೂಗುಚ್ಛ ತರುವ ಬದಲು ಈ ಅರ್ಜಿ ತುಂಬಿಸಿಕೊಟ್ಟರೆ ಹೆಚ್ಚು ಉಪಕಾರ. ಯಾರೂ ದಿಕ್ಕಿಲ್ಲದೆ ಸತ್ತವರನ್ನೂ ಗೌರವದಿಂದ ಸಂಸ್ಕಾರ ಮಾಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2002ರಲ್ಲಿ ಆಶ್ರಯ ಅಧಿಕಾರ ಅಭಿಯಾನದ ಮೊಕದ್ದಮೆಯಲ್ಲಿ ಹೇಳಿದೆ. ಸರ್ಕಾರವೇ ಆ ಹೊಣೆ ಹೊರುವಾಗ ವಿಶ್ವಾಸಿಗಳ ಸಮುದಾಯ ಹಿಂದೆ ಸರಿಯುವಂತಿಲ್ಲ.

ಇದುವರೆಗೆ ವಿಧವೆಯ ಮಾತನ್ನೇ ಹೆಚ್ಚು ಆಡಿದೆ. ವಿಧುರನ ವಿಷಯದಲ್ಲಿ ನಮ್ಮ ತಕ್ಕಡಿ ಬೇರೆಯೇ ಇರುತ್ತದೆ. ಹೆಂಡತಿ ಸತ್ತಾಗ ಅವಳ ಬಳೆ ಸರಗಳನ್ನು ಮಾರಿ ಅವಳ ಆಸ್ಪತ್ರೆಯ, ಸಮಾಧಿಯ ವೆಚ್ಚ ತೀರಿಸಿದರೆ ಯಾರೂ ಹುಬ್ಬೇರಿಸುವುದಿಲ್ಲ. ಅವಳ ಒಡವೆ ಅವಳ ಆಸ್ತಿ. ಅದರಿಂದ ಅವಳ ಅಂತ್ಯಸಂಸ್ಕಾರಕ್ಕೆ ಸಮಂಜಸ ವೆಚ್ಚ ಮಾಡುವುದು ಕಾನೂನಿಗೆ ಸಮ್ಮತ. ಆದರೆ ಉಯಿಲಿಲ್ಲದಿದ್ದರೆ ಮಿಕ್ಕುದರಲ್ಲಿ ಗಂಡನಿಗೆ ಮೂರನೆಯ ಒಂದು ಪಾಲು ಮಾತ್ರ, ಉಳಿದದ್ದು ಮಕ್ಕಳದು. ಗಂಡನ ಹಣದಿಂದ ಹೆಂಡತಿಯನ್ನು ಹೂಳಿದರೆ ಅದನ್ನು ದೊಡ್ಡಗುಣವೆನ್ನುತ್ತೇವೆ. ಹೆಂಡತಿಯ ಹಣದಿಂದ ಗಂಡನನ್ನು ಹೂಳಿದರೆ ಅದು ಅವಳ ಕರ್ತವ್ಯವೆನ್ನುತ್ತೇವೆ. ಕಾಯ್ದೆ ಇಬ್ಬರಿಗೂ ಒಂದೇ ಅಳತೆ ಇಟ್ಟಿದೆ. ಆ ಮಟ್ಟಕ್ಕೆ ನಾವಿನ್ನೂ ಬಂದಿಲ್ಲ.

ಕಡೆಯದಾಗಿ, ಕಷ್ಟಕರವಾದ ಒಂದು ಸನ್ನಿವೇಶ. ಹದಿನೈದು ವರ್ಷಗಳ ಹಿಂದೆ ಹೆಂಡತಿ ಮಕ್ಕಳನ್ನು ಬಿಟ್ಟು ಹೋದ ಗಂಡ ಎಲ್ಲೋ ಬಾಡಿಗೆ ಕೋಣೆಯಲ್ಲಿ ಸಾಯುತ್ತಾನೆ. ವಿಚ್ಛೇದನ ಆಗಿಲ್ಲ. ದೇವಾಲಯದ ಪುಸ್ತಕದಲ್ಲಿ ಅವರಿನ್ನೂ ದಂಪತಿಗಳು. ಊರಿನವರು ಹೆಂಡತಿಯ ಬಾಗಿಲಿಗೆ ಬರುತ್ತಾರೆ. ಜಮೈಕಾಕ್ಕೆ ಹೋದ ಗಂಡನನ್ನು ಹಣ ಕೊಡು ಎಂದ ನ್ಯಾಯಾಲಯದ ಮಾತನ್ನು ಇಲ್ಲಿ ತಿರುಗಿಸಿ ಹೇಳಬಹುದೇ? ಹೇಳಲಾಗದು. ಅಲ್ಲಿ ತೊರೆದವನು ತೊರೆಯಲ್ಪಟ್ಟವಳಿಗೆ ಬಾಕಿಯಿದ್ದ. ಇಲ್ಲಿ ತೊರೆಯಲ್ಪಟ್ಟವಳನ್ನೇ ನಾವು ಬಾಕಿದಾರಳನ್ನಾಗಿ ಮಾಡಲು ಹೊರಟಿದ್ದೇವೆ. ಅವನು ಏನಾದರೂ ಬಿಟ್ಟುಹೋಗಿದ್ದರೆ ಅದರಿಂದ ಮೊದಲು ಸಮಾಧಿಯ ವೆಚ್ಚ ಸಲ್ಲಲಿ. ಬಿಟ್ಟುಹೋಗಿಲ್ಲದಿದ್ದರೆ ಅವಳು ಕೈಯಿಂದ ಹಾಕಬೇಕೆಂದು ನಮ್ಮ ಉತ್ತರಾಧಿಕಾರ ಕಾಯ್ದೆ ಕೇಳುವುದಿಲ್ಲ. ಕ್ಷಮೆ ಕ್ರೈಸ್ತರ ಧರ್ಮವಲ್ಲವೇ ಎಂದು ಕೇಳುವವರಿದ್ದಾರೆ. ಕ್ಷಮೆ ಅವಳ ಮತ್ತು ದೇವರ ನಡುವಿನ ಮಾತು. ಅದನ್ನು ಮೊದಲು ರೂಪಾಯಿಯಲ್ಲಿ ತೋರಿಸು ಎನ್ನಲು ನಾವು ಯಾರು? ಅವಳು ತಾನಾಗಿ ಬಂದು ಕೊಟ್ಟರೆ ಅದನ್ನು ಅಬ್ರಹಾಮನ ಬೆಳ್ಳಿಯಂತೆ ಗೌರವದಿಂದ ಸ್ವೀಕರಿಸೋಣ. ಕೊಡದಿದ್ದರೆ ಮರಣ ನಿಧಿಯಿಂದ ಪೆಟ್ಟಿಗೆ ಬರಲಿ, ಗುರುಗಳು ಪ್ರಾರ್ಥನೆ ಹೇಳಲಿ. ಅವಳು ಸಮಾಧಿಯ ಬಳಿಗೆ ಬರುವುದು, ಬಾರದಿರುವುದು, ಬಂದರೂ ಹಿಂದಿನ ಸಾಲಿನಲ್ಲಿ ನಿಂತು ಹೋಗುವುದು ಅವಳಿಗೆ ಬಿಟ್ಟದ್ದು.